ನಲವತ್ತಮೂರು ಸಹಿಗಳು

ಮಾರ್ಚ್ 4, ಮಂಗಳವಾರ

ಈ ಪುಸ್ತಕದಲ್ಲಿ ಹಿಂದೆ ಗಿರಾಕಿಗಳ ಅಳತೆ ಬರೆಯುತ್ತಿದ್ದೆ. ಎದೆ, ಸೊಂಟ, ತೋಳು, ಕೊರಳು. ಹೊಲಿಗೆ ನಿಲ್ಲಿಸಿ ಎರಡು ವರ್ಷವಾಯಿತು, ಅರ್ಧ ಪುಸ್ತಕ ಖಾಲಿ ಉಳಿದಿದೆ. ಎಸೆಯಲು ಮನಸ್ಸು ಬರಲಿಲ್ಲ. ಇವತ್ತಿನಿಂದ ಇದರಲ್ಲಿ ನನ್ನ ಹೊಟ್ಟೆಯುರಿ ಬರೆಯುತ್ತೇನೆ. ಯಾರೂ ಓದುವುದಿಲ್ಲವಾದ್ದರಿಂದ ಯಾರ ಮುಲಾಜೂ ಇಲ್ಲ.

ನಾದಿನಿ ಬಿದ್ದಳು. ತನ್ನ ಎರಡನೇ ಮಹಡಿಯ ಮನೆಯಿಂದ ಇಳಿಯುವಾಗ ಬಿದ್ದದ್ದು. ಕೆಳಗೆ ಯಾರೋ ಕಾರನ್ನು ಓರೆಯಾಗಿ ನಿಲ್ಲಿಸುತ್ತಿದ್ದರಂತೆ, ಅವರನ್ನು ಮೇಲಿನಿಂದಲೇ ಬೈಯುತ್ತಾ ಇಳಿದಿದ್ದಾಳೆ. ಮೂವತ್ತೈದು ವರ್ಷ ಡ್ರೈವಿಂಗ್ ಶಾಲೆಯಲ್ಲಿ ಕಲಿಸಿದವಳು. ಊರಿನ ಅರ್ಧ ಜನಕ್ಕೆ ಬ್ರೇಕ್ ಎಲ್ಲಿದೆ ಎಂದು ತೋರಿಸಿದಳು, ತನ್ನ ನಾಲಿಗೆಗೊಂದು ಹಾಕಿಸಿಕೊಳ್ಳಲಿಲ್ಲ. ಸೊಂಟದ ಕೀಲಿನ ಹತ್ತಿರ ಮೂಳೆ ಮುರಿದಿದೆ. ನಾಳೆ ಆಪರೇಷನ್.

ಅವಳಿಗೆ ಗಂಡ, ಮಕ್ಕಳು ಯಾರೂ ಇಲ್ಲ. ನಮ್ಮವರು ಇದ್ದಿದ್ದರೆ ತಂಗಿಯ ಪಕ್ಕ ತಾವೇ ಕೂರುತ್ತಿದ್ದರು. ನಾಲ್ಕು ವರ್ಷದ ಹಿಂದೆ ಅವರು ಹೋದರು, ಹೋಗುವಾಗ ಇವಳನ್ನು ನನ್ನ ಕೊರಳಿಗೆ ಗಂಟು ಹಾಕಿ ಹೋದರು. ನಲವತ್ತು ವರ್ಷದಲ್ಲಿ ನನ್ನ ಒಂದು ಕೆಲಸವನ್ನೂ ಚೆನ್ನಾಗಿದೆ ಎಂದವಳಲ್ಲ. ನನ್ನ ಗಿರಾಕಿಯೊಬ್ಬರ ರವಿಕೆ ನೋಡಿ, "ಇದು ರವಿಕೆಯೋ ದಿಂಬಿನ ಚೀಲವೋ?" ಎಂದಿದ್ದಳು. ಆ ಗಿರಾಕಿ ಮತ್ತೆ ನಮ್ಮ ಮನೆಯ ಮೆಟ್ಟಿಲು ಹತ್ತಲಿಲ್ಲ.

ಇರಲಿ. ಮನುಷ್ಯರು ಅಂದಮೇಲೆ ಮಾಡಲೇಬೇಕು. ಹತ್ತು ದಿನ ಆಸ್ಪತ್ರೆ, ಮೂರು ವಾರ ನಮ್ಮ ಮನೆ, ಏಕೆಂದರೆ ಅವಳು ಮೆಟ್ಟಿಲು ಹತ್ತುವಂತಿಲ್ಲ. ಅದರ ಮೇಲೆ ಒಂದು ದಿನವೂ ಇಲ್ಲ.

ಮಾರ್ಚ್ 5, ಬುಧವಾರ

ಆಪರೇಷನ್ ಆಯಿತು. ಕಣ್ಣು ಬಿಟ್ಟವಳು ಮೊದಲು ಕೇಳಿದ್ದು, "ಅತ್ತಿಗೆ, ಕಾರು?"

ಮಾರ್ಚ್ 6, ಗುರುವಾರ

ಕಾರಿನ ಕಥೆ ಇದು. ಅವಳ ಹಳೆಯ ಶಿಷ್ಯನೊಬ್ಬ ತನ್ನ ಪುಟ್ಟ ಹಸಿರು ಕಾರು ಮಾರುತ್ತಿದ್ದಾನೆ. ಇಡೀ ಜನ್ಮ ಶಾಲೆಯ ಕಾರಿನಲ್ಲಿ, ಪಕ್ಕದ ಸೀಟಿನಲ್ಲಿ ಕೂತವಳಿಗೆ ತನ್ನದೇ ಅಂತ ಒಂದು ಕಾರು ಬೇಕು. ಅದಕ್ಕಾಗಿ ಎಷ್ಟೋ ವರ್ಷದಿಂದ ಕೂಡಿಟ್ಟಿದ್ದಾಳೆ. ಈ ತಿಂಗಳ ಇಪ್ಪತ್ತೈದರವರೆಗೆ ಬೇರೆಯವರಿಗೆ ಕೊಡುವುದಿಲ್ಲ ಎಂದು ಅವನು ಮಾತು ಕೊಟ್ಟಿದ್ದಾನೆ.

"ಸೊಂಟ ಮುರಿದುಕೊಂಡು ಮಲಗಿದ್ದೀಯ, ಈಗ ಕಾರು ಯಾಕೆ?" ಎಂದೆ.

"ನಡೆಯೋಕೆ ಆಗಲ್ಲ ಅಂತಲೇ ಕಾರು ಬೇಕು ಅತ್ತಿಗೆ" ಎಂದಳು.

ಡಾಕ್ಟರರನ್ನು ಕೇಳಿದಳು. ಚೆನ್ನಾಗಿ ನಡೆದು ಅಭ್ಯಾಸ ಮಾಡಿದರೆ ಮೂರು ತಿಂಗಳ ಮೇಲೆ ಓಡಿಸಬಹುದು ಎಂದರು. ಆಸ್ಪತ್ರೆಯ ಖರ್ಚಿನ ಚಿಂತೆ ಇಲ್ಲವಂತೆ, ಡ್ರೈವಿಂಗ್ ಶಾಲೆಯವರು ಮಾಡಿಸಿಕೊಟ್ಟ ಆರೋಗ್ಯ ವಿಮೆ ಇದೆ.

ಇಲ್ಲಿಯ ಹಾಸಿಗೆಬಟ್ಟೆ ಗೋಣಿಯಂತೆ ಚುಚ್ಚುತ್ತದೆ. ಮನೆಯಿಂದ ನನ್ನ ಎರಡು ಹಳೆಯ ಹತ್ತಿಯ ಹಾಸುಗಳನ್ನು ತಂದು ಹಾಕಿದೆ. ದಿನಕ್ಕೊಂದು ಒಗೆದು ಹಾಕುತ್ತೇನೆ. ನಾದಿನಿ ಬೆರಳಿನಿಂದ ಅಂಚು ಮುಟ್ಟಿ ನೋಡಿ, "ಹೊಲಿಗೆ ಸೊಟ್ಟ" ಎಂದಳು. ಒಣಮೆಣಸಿನಕಾಯಿಗೆ ಕೈಕಾಲು ಬಂದರೆ ಇವಳ ಹಾಗಿರುತ್ತದೆ.

ಒಂದು ಖುಷಿಯ ವಿಷಯ. ಇಲ್ಲಿ ನನ್ನ ಸಹಿಗೆ ಬಹಳ ಬೆಲೆ. ಬೆಳಿಗ್ಗೆ ಎದ್ದರೆ ವಾರ್ಡಿನ ಗುಮಾಸ್ತೆ ಚೀಟಿಗಳ ಕಟ್ಟು ಹಿಡಿದು ಬರುತ್ತಾಳೆ. "ಇಲ್ಲೊಂದು ಸಹಿ ಅಮ್ಮಾ, ಇಲ್ಲೊಂದು." ನಾನು ಶಾಲೆಯ ಮುಖ ನೋಡಿದವಳಲ್ಲ. ಬಟ್ಟೆ ಸುತ್ತಿ ಬರುತ್ತಿದ್ದ ಕಾಗದದಿಂದ ಅಕ್ಷರ ಕಲಿತವಳು. ಮೂವತ್ತನೇ ವಯಸ್ಸಿನಲ್ಲಿ ಸಹಿ ಹಾಕಲು ಬಂದ ದಿನ ಇಡೀ ಗೋಡೆಯ ತುಂಬ ಹಾಕಿದ್ದೆ. ಕೊನೆಯಲ್ಲಿ ಒಂದು ಸುರುಳಿ, ಅದರ ಕೆಳಗೆ ಎರಡು ಚುಕ್ಕಿ. ಗುಮಾಸ್ತೆ ನೋಡಿ, "ಎಷ್ಟು ಚಂದ ಅಮ್ಮಾ, ರಂಗೋಲಿ ಇದ್ದಹಾಗಿದೆ!" ಎಂದಳು. ಇನ್ನೂ ಆರು ಹಾಕಿಕೊಟ್ಟೆ.

ಮಾರ್ಚ್ 8, ಶನಿವಾರ

ಉದ್ದಜಡೆಯ ನರ್ಸ್ ಒಳ್ಳೆಯ ಹುಡುಗಿ. ಜ್ವರ ನೋಡುವ ಥರ್ಮಾಮೀಟರ್ ಅವಳ ಜೇಬಿನಲ್ಲಿ ಒಂದೇ ಒಂದು, ಆರು ಹಾಸಿಗೆಗೂ ಅದೇ. ಒರೆಸಿ ಒರೆಸಿ ಇಡುತ್ತಾಳೆ.

ಇವತ್ತು ನಾದಿನಿಯನ್ನು ಎದ್ದು ನಿಲ್ಲಿಸಿದರು. ವಾಕರ್ ಹಿಡಿದು ನಾಲ್ಕು ಹೆಜ್ಜೆ. ನೋವಿಗೆ ಮುಖ ಬಿಳಿಚಿಕೊಂಡಿತ್ತು, ಆದರೂ ನಡೆಸುತ್ತಿದ್ದ ಹುಡುಗನಿಗೆ, "ತಿರುಗೋ ಮೊದಲು ಹಿಂದೆ ನೋಡಬೇಕಪ್ಪಾ, ಕನ್ನಡಿ ಇಲ್ಲ ನಿನಗೆ" ಎಂದು ಪಾಠ. ವಾರ್ಡೆಲ್ಲ ನಕ್ಕಿತು. ನನಗೂ ನಗು ಬಂತು, ಕಿಟಕಿ ಕಡೆ ತಿರುಗಿದೆ.

ಹಾಸಿಗೆಗೆ ಮರಳಿದ ಮೇಲೆ ಗೋಡೆಯ ಕಡೆ ಮುಖ ಮಾಡಿ ಸ್ವಲ್ಪ ಹೊತ್ತು ಅತ್ತಳು. ಅವಳು ಅಳುವುದನ್ನು ನಾನು ನೋಡಿಯೇ ಇರಲಿಲ್ಲ, ತನ್ನ ಅಣ್ಣ ಹೋದಾಗಲೂ. ಕೈ ಹಿಡಿದುಕೊಂಡು ಕೂತೆ. ಎಷ್ಟು ಪುಟ್ಟ ಕೈ. ಇಷ್ಟು ಪುಟ್ಟ ಕೈಯಲ್ಲಿ ಅಷ್ಟು ದೊಡ್ಡ ಸ್ಟೀರಿಂಗ್ ಹೇಗೆ ತಿರುಗಿಸುತ್ತಿದ್ದಳೋ.

ಮಾರ್ಚ್ 9, ಭಾನುವಾರ

ಮಹಾರಾಣಿಗೆ ಇನ್ನೊಂದು ದಿಂಬು ಬೇಕಂತೆ. ಕೇಳಿ ತಂದುಕೊಟ್ಟೆ. ಆಮೇಲೆ ಗಾಳಿ ತುಂಬಿದ ಮೆತ್ತೆ ಬೇಕಂತೆ. ಅದನ್ನೂ ತರಿಸಿಕೊಟ್ಟೆ. ಎರಡಕ್ಕೂ ಸಹಿ. ಆಮೇಲೆ ಗೋಡೆಯ ಟೀವಿ ಓಡಬೇಕಂತೆ. ಸಹಿ. ಕಾರಿನ ಓಟದ ಪಂದ್ಯ ಹಾಕಿಸಿಕೊಂಡು, ತಿರುವಿನಲ್ಲೆಲ್ಲ ಆ ಡ್ರೈವರುಗಳನ್ನು ಬೈದಳು. ಇವಳ ಜೊತೆ ಮೂರು ವಾರ! ದೇವರೇ, ನನ್ನ ತಾಳ್ಮೆಗೂ ಒಂದು ವಿಮೆ ಇರಬೇಕಿತ್ತು.

ಮಾರ್ಚ್ 14, ಶುಕ್ರವಾರ

ಮನೆಗೆ ಬಂದೆವು, ಆದರೆ ಬಂದ ಬಗೆ ಚೆನ್ನಾಗಿಲ್ಲ. ತಪ್ಪು ನನ್ನದು. ಬರೆದುಬಿಡುತ್ತೇನೆ.

ವಿಮೆ ಕಂಪನಿಯವರು ಆಪರೇಷನ್, ಡಾಕ್ಟರ್, ಔಷಧಿ, ಕೋಣೆ ಬಾಡಿಗೆ ಎಲ್ಲಕ್ಕೂ ಒಪ್ಪಿದರು. ಬಿಲ್ಲಿನ ಕೊನೆಯ ಎರಡು ಹಾಳೆಗೆ ಮಾತ್ರ ಕೆಂಪು ಗೀಟು ಎಳೆದಿದ್ದಾರೆ. ನಲವತ್ತಮೂರು ಸಾಲು. ಕೈಗವಸು, ಹತ್ತಿ, ಥರ್ಮಾಮೀಟರ್, ಹಾಸಿಗೆಬಟ್ಟೆ, ನರ್ಸ್ ಬಂದು ನೋಡಿದ್ದು, ಬಿಪಿ ಅಳೆದದ್ದು. ಒಂದೊಂದೂ ಚಿಲ್ಲರೆ, ಕೂಡಿದರೆ ಇಪ್ಪತ್ತೊಂದು ಸಾವಿರ. ಇವೆಲ್ಲ ಮಾಮೂಲಿ ವಸ್ತು, ಇವಕ್ಕೆ ಬೇರೆ ದುಡ್ಡಿಲ್ಲ ಎಂದು ಕಂಪನಿಯ ಉತ್ತರ.

"ಹಾಗಾದರೆ ಬಿಟ್ಟುಬಿಡಿ" ಎಂದೆ ಬಿಲ್ಲಿನ ಕಿಟಕಿಯಲ್ಲಿ.

ಕಿವಿಯ ಹಿಂದೆ ಪೆನ್ನು ಸಿಕ್ಕಿಸಿಕೊಂಡಿದ್ದ ಆತ ನಗುನಗುತ್ತಲೇ ಚೀಟಿಗಳ ಕಟ್ಟು ಮುಂದಿಟ್ಟ. "ಬಿಡೋಕೆ ಆಗಲ್ಲಮ್ಮಾ. ಇದು ನಿಮ್ಮ ಸಹಿ ತಾನೆ?"

ನಲವತ್ತಮೂರು ಸುರುಳಿ, ಎಂಬತ್ತಾರು ಚುಕ್ಕಿ. ಪ್ರತಿ ಚೀಟಿಯ ಮೇಲೂ ಇರುವೆಯಂಥ ಅಕ್ಷರದಲ್ಲಿ ಅಚ್ಚು ಹಾಕಿದೆ: "ಈ ವಸ್ತುವನ್ನು ನಮ್ಮ ಕೋರಿಕೆಯ ಮೇರೆಗೆ ಹೆಚ್ಚುವರಿಯಾಗಿ ಪಡೆದಿದ್ದೇವೆ. ವಿಮೆ ಒಪ್ಪದಿದ್ದಲ್ಲಿ ನಾವೇ ಪಾವತಿಸುತ್ತೇವೆ." ನಾನು ಒಂದನ್ನೂ ಓದಿರಲಿಲ್ಲ. ಓದಲು ಬರುತ್ತದೆ ಎಂದು ಎದೆ ಸೆಟೆಸಿ ನಡೆಯುವವಳು, ಸಹಿ ಹಾಕುವ ಸಡಗರದಲ್ಲಿ ಓದುವುದನ್ನೇ ಮರೆತೆ.

ದುಡ್ಡು ಕಟ್ಟದೆ ಮನೆಗೆ ಬಿಡುವಂತಿಲ್ಲ. ನಾದಿನಿ ತಾನು ಕೂಡಿಟ್ಟದ್ದರಲ್ಲಿ ಇಪ್ಪತ್ತೊಂದು ಸಾವಿರ ತೆಗೆದು ಕಟ್ಟಿದಳು. ಈಗ ಕಾರಿಗೆ ಅಷ್ಟೇ ಕಡಿಮೆ. ಶಿಷ್ಯನ ಹತ್ತಿರ ಸಾಲ ಹೇಳುವ ಜಾತಿ ಅಲ್ಲ ಅವಳದು. ನನ್ನ ಹತ್ತಿರ ಇರುವುದು ಕೊಡುತ್ತೇನೆ ಎಂದರೆ, "ಅದು ನಿಮ್ಮ ಕಣ್ಣಿನ ಆಪರೇಷನ್ನಿಗೆ ಇಟ್ಟಿದ್ದು, ನನಗೆ ಗೊತ್ತಿದೆ. ಸುಮ್ಮನಿರಿ" ಎಂದಳು.

ಬೈಯುತ್ತಾಳೆ ಎಂದು ಕಾದೆ. ಬೈಯಲಿಲ್ಲ. ದಾರಿಯುದ್ದಕ್ಕೂ ಟ್ಯಾಕ್ಸಿಯವನನ್ನೂ ಬೈಯಲಿಲ್ಲ, ಅವನು ಎರಡು ಸಲ ತಪ್ಪು ಗೇರು ಹಾಕಿದನಂತೆ.

ಮಾರ್ಚ್ 15, ಶನಿವಾರ

ವಿಮೆ ಕಂಪನಿಗೆ ಫೋನು ಮಾಡಿದೆ. ಒಂದು ಒತ್ತಿ, ಎರಡು ಒತ್ತಿ, ಆಮೇಲೆ ಸಂಗೀತ. ಅರ್ಧ ಗಂಟೆ ಸಂಗೀತ ಕೇಳಿದ ಮೇಲೆ ಮನುಷ್ಯರ ದನಿ ಬಂತು. ಎಲ್ಲ ಹೇಳಿದೆ, ಸಹಿ ಹಾಕಿದ್ದನ್ನೂ ಹೇಳಿದೆ. ಬಿಲ್ ತಪಾಸಣೆ ಮಾಡುವವರನ್ನೇ ಮನೆಗೆ ಕಳಿಸುತ್ತಾರಂತೆ, ಮಂಗಳವಾರ.

ನಾದಿನಿಗೆ ಮುಂದಿನ ಕೋಣೆ ಕೊಟ್ಟಿದ್ದೇನೆ. ಅಲ್ಲಿಂದ ರಸ್ತೆ ಕಾಣುತ್ತದೆ. ಹೋಗುವ ಬರುವ ಗಾಡಿ ನೋಡಿಕೊಂಡಿರಲಿ.

ಮಾರ್ಚ್ 18, ಮಂಗಳವಾರ

ತಪಾಸಣೆಯಮ್ಮ ಬಂದಿದ್ದರು. ಯಾರೋ ಸೂಟುಬೂಟಿನವರು ಬರುತ್ತಾರೆಂದು ಹೆದರಿದ್ದೆ. ಬಂದವರು ಐವತ್ತು ದಾಟಿದ ಹೆಂಗಸು, ಕಾಲಿಗೆ ನರ್ಸುಗಳು ಹಾಕುವ ಮೆತ್ತನೆಯ ಚಪ್ಪಲಿ. ಇಪ್ಪತ್ತು ವರ್ಷ ವಾರ್ಡಿನಲ್ಲಿ ನರ್ಸಾಗಿದ್ದವರಂತೆ. ಒಳಗೆ ಬಂದವರೇ ನಾದಿನಿಯ ಕಾಲಿನ ಕೆಳಗೆ ಕೈ ಹಾಕಿ ದಿಂಬನ್ನು ಸರಿಮಾಡಿದರು. ಆಮೇಲೆ ಬ್ಯಾಗಿನಿಂದ ಬಿಲ್ಲು, ಕೆಂಪು ಪೆನ್ಸಿಲ್ಲು ತೆಗೆದರು.

"ಇದು ನನ್ನ ಲೆಕ್ಕ ಅಮ್ಮಾ. ಬಿಲ್ಲಿನ ಒಂದೊಂದು ಸಾಲಿಗೂ ಒಂದೇ ಪ್ರಶ್ನೆ. ಇದು ಆ ಹಾಸಿಗೇಲಿ ಯಾರು ಮಲಗಿದ್ರೂ ಬೇಕಾಗ್ತಿತ್ತಾ, ಇವರೊಬ್ಬರಿಗೇ ಬೇಕಾಯ್ತಾ? ಯಾರು ಮಲಗಿದ್ರೂ ಬೇಕು ಅಂದ್ರೆ ಅದು ಕೋಣೆ ಬಾಡಿಗೇಲೇ ಬಂತು. ಊಟಕ್ಕೆ ದುಡ್ಡು ಕೊಟ್ಟ ಮೇಲೆ ಉಪ್ಪಿಗೆ ಬೇರೆ ಕೇಳ್ತಾರಾ?"

"ಹಾಗಾದರೆ ಆಸ್ಪತ್ರೆಯವರು ಹೇಗೆ ಕೇಳಿದರು?" ಎಂದೆ.

"ಕೇಳೋ ಹಾಗಿಲ್ಲ. ನಮ್ಮ ಹತ್ತಿರಾನೂ ಇಲ್ಲ, ನಿಮ್ಮ ಹತ್ತಿರಾನೂ ಇಲ್ಲ, ಹಾಗಂತ ನಮಗೂ ಆಸ್ಪತ್ರೆಗೂ ಒಪ್ಪಂದ ಇದೆ. ಆದರೆ ಮನೆಯವರೇ ಬೇಕು ಅಂತ ಹೆಚ್ಚಿಗೆ ಕೇಳಿ ತಗೊಂಡ್ರೆ ಮನೆಯವರು ಕೊಡಬೇಕು. ನೀವು ಕೇಳಿದ್ದೀರಿ ಅಂತ ಈ ಚೀಟಿಗಳು ಹೇಳ್ತಿವೆ. ನೀವು ಕೇಳಿಲ್ಲ ಅನ್ನೋದಕ್ಕೆ ಏನಾದ್ರೂ ಇದೆಯಾ? ಆಗಿನ ದಿನವೇ ಬರೆದದ್ದು?"

ನಾದಿನಿ ಮಂಚದಿಂದಲೇ, "ಇದೆ. ದಿನಾ ಏನೋ ಗೀಚ್ತಿದ್ರಲ್ಲ ಅತ್ತಿಗೆ, ಆ ಅಳತೆ ಪುಸ್ತಕ ತನ್ನಿ" ಎಂದಳು.

"ಅದರಲ್ಲಿ ಏನೂ ಇಲ್ಲ!"

"ಇಲ್ಲದೆ ಇದ್ರೆ ಅಷ್ಟು ಜೋರಾಗಿ ಯಾಕೆ ಹೇಳ್ತೀರಿ?"

ತಂದೆ. ಬೇರೆ ದಾರಿ ಇರಲಿಲ್ಲ. ಬೇಕಾದ ಸಾಲು ಮಾತ್ರ ಓದೋಣ ಎಂದು ಶುರುಮಾಡಿದರೆ ತಪಾಸಣೆಯಮ್ಮ ಕೈ ಅಡ್ಡ ಹಿಡಿದರು. "ಆರಿಸಿ ಓದಿದರೆ ನಾನು ನಂಬೋಕಾಗಲ್ಲಮ್ಮಾ. ಆ ದಿನದ್ದು ಪೂರ್ತಿ ಓದಿ."

ಪೂರ್ತಿ ಓದಿದೆ. ನನ್ನ ಹಾಸು ತಂದು ಹಾಕಿದ್ದನ್ನು ಓದಿದೆ, ಅದರ ಬೆನ್ನಿಗೇ ಒಣಮೆಣಸಿನಕಾಯಿ ಬಂತು. ನಾದಿನಿಯ ಮುಖ ನೋಡುವ ಧೈರ್ಯ ಆಗಲಿಲ್ಲ. ಗುಮಾಸ್ತೆ ತಾನೇ ಚೀಟಿಗಳ ಕಟ್ಟು ಹಿಡಿದು ಬಂದು ಸಹಿ ಹಾಕಿಸಿಕೊಂಡದ್ದನ್ನು ಓದಿದೆ. ಆರು ಹಾಸಿಗೆಗೆ ಒಂದೇ ಥರ್ಮಾಮೀಟರ್ ಎಂದು ಓದಿದೆ. ತಪಾಸಣೆಯಮ್ಮ ಬಿಲ್ಲಿನ ಮೇಲೆ ಗೀಟು ಎಳೆದರು. ಆಸ್ಪತ್ರೆಯವರು ಬಿಲ್ಲಿನಲ್ಲಿ ಏಳು ಥರ್ಮಾಮೀಟರ್ ಹಾಕಿದ್ದರಂತೆ. "ಏಳು ಥರ್ಮಾಮೀಟರ್ ಇಟ್ಟುಕೊಂಡು ಏನು, ಬಾಗಿಲಿಗೆ ತೋರಣ ಕಟ್ತಾರಾ?" ಎಂದು ಅವರೇ ನಕ್ಕರು.

ಅದೇ ದಿನದ್ದರಲ್ಲಿ ಮುಂದೆ ಓದುತ್ತಾ ಓದುತ್ತಾ ನಿಂತೆ. ಒಂದು ಪ್ಯಾರಾ ಬಿಟ್ಟು ಪುಟ ತಿರುಗಿಸಿದೆ.

"ಏನೋ ಬಿಟ್ರಿ" ಎಂದಳು ನಾದಿನಿ.

"ಏನಿಲ್ಲ. ಯಾರದೋ ಹಳೇ ಅಳತೆ."

"ಕೊಡಿ ಇಲ್ಲಿ."

ಕಿತ್ತುಕೊಂಡಳು. ಮುರಿದ ಸೊಂಟದವಳಿಗೆ ಅಷ್ಟು ಬಲ ಎಲ್ಲಿಂದ ಬಂತೋ. ಕನ್ನಡಕ ಏರಿಸಿ ಓದಿದಳು. ಎರಡು ಸಲ ಓದಿದಳು ಅನಿಸುತ್ತದೆ, ಏಕೆಂದರೆ ಇರುವುದು ನಾಲ್ಕೇ ಸಾಲು, ಅದಕ್ಕೆ ಅಷ್ಟು ಹೊತ್ತು ಬೇಕಿಲ್ಲ. ಆಮೇಲೆ ತನ್ನ ಕೈಯನ್ನು ಮಗುಚಿ ನೋಡಿಕೊಂಡಳು. ಪುಸ್ತಕ ವಾಪಸು ಕೊಟ್ಟು, "ಹೌದು, ಅಳತೆಯೇ. ಮುಂದೆ ಓದಿ" ಎಂದಳು.

ಮುಂದಿನದು ಭಾನುವಾರದ್ದು. ಮಹಾರಾಣಿ, ದಿಂಬು, ಗಾಳಿಮೆತ್ತೆ, ಟೀವಿ. ನಾವೇ ಕೇಳಿ ತರಿಸಿಕೊಂಡದ್ದು. ನುಂಗಿಬಿಡಬಹುದಿತ್ತು, ಆದರೆ ಬರೆದಿದ್ದೇನಲ್ಲ. ಓದಿಬಿಟ್ಟೆ.

ನಾದಿನಿ ಹಣೆ ಚಚ್ಚಿಕೊಂಡಳು. "ಅದನ್ನ ಯಾಕೆ ಓದಿದ್ರಿ ಅತ್ತಿಗೆ! ಮೂರು ಸಾಲು ಹೋಯ್ತಲ್ಲ!"

"ಕೇಳಿ ತಗೊಂಡಿದ್ದು ನೀನೇ ತಾನೆ?"

"ತಗೊಂಡೆ. ಹಾಗಂತ ಊರಿಗೆಲ್ಲ ಸಾರಬೇಕಾ?"

ತಪಾಸಣೆಯಮ್ಮ ಪೆನ್ಸಿಲ್ ಕೆಳಗಿಟ್ಟು ನಗಲು ಶುರುಮಾಡಿದರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಅಮ್ಮಾ, ಹನ್ನೊಂದು ವರ್ಷದಿಂದ ಈ ಕೆಲಸ ಮಾಡ್ತಿದ್ದೀನಿ. ಜನ ನಮಗೆ ತೋರಿಸೋಕೆ ಅಂತ ಬರೆದ ಪುಸ್ತಕ ಬೇಕಾದಷ್ಟು ನೋಡಿದ್ದೀನಿ. ಅದರಲ್ಲೆಲ್ಲ ರೋಗಿ ದೇವತೆ, ಆಸ್ಪತ್ರೆ ರಾಕ್ಷಸ. ನಾದಿನಿಯನ್ನ ಇಷ್ಟು ಬೈದು, ಅವರ ಎದುರಿಗೇ ಓದಿ, ತಮಗೇ ನಷ್ಟ ಆಗೋ ಸಾಲನ್ನೂ ಬಿಡದೆ ಓದಿದ್ದು ನೀವೊಬ್ಬರೇ. ಈ ಪುಸ್ತಕ ಸುಳ್ಳು ಹೇಳಲ್ಲ."

ಪುಟಗಳ ಫೋಟೋ ತೆಗೆದುಕೊಂಡರು. ಆಸ್ಪತ್ರೆಯವರ ಜೊತೆ ಕೂತು ಮಾತಾಡುತ್ತಾರಂತೆ, ಗೆಲ್ಲುತ್ತೇವೆ ಎಂದು ಭರವಸೆ ಕೊಡುವುದಿಲ್ಲ ಎಂದರು. ಬಾಗಿಲಲ್ಲಿ ನಿಂತು, "ಇನ್ನು ಮೇಲೆ ಓದದೆ ಸಹಿ ಹಾಕಬೇಡಿ" ಎಂದರು. ತಲೆ ತಗ್ಗಿಸಿದೆ.

ಅವರು ಹೋದ ಮೇಲೆ ಟೀ ಮಾಡಿ ಕೊಟ್ಟೆ. ಕುಡಿದು ಲೋಟ ಕೆಳಗಿಟ್ಟು, "ಅತ್ತಿಗೆ, ಒಣಮೆಣಸಿನಕಾಯಿ ಅಂದ್ರಲ್ಲ" ಎಂದಳು.

"ತಪ್ಪಾಯ್ತು ಕಣೆ."

"ತಪ್ಪೇನಿಲ್ಲ. ಚೆನ್ನಾಗಿ ಬರೆದಿದ್ದೀರಿ."

ನಲವತ್ತು ವರ್ಷದಲ್ಲಿ ಮೊದಲ ಸಲ ಒಂದು ಕೆಲಸ ಚೆನ್ನಾಗಿದೆ ಎಂದಿದ್ದಾಳೆ. ಅದೂ ಬೈಗುಳವನ್ನು!

ಮಾರ್ಚ್ 21, ಶುಕ್ರವಾರ

ಸುದ್ದಿ ಇಲ್ಲ. ವಾಕರ್ ಹಿಡಿದು ಅಡುಗೆಮನೆಯವರೆಗೆ ಬಂದಳು. ಹಿಂತಿರುಗುವಾಗ ನಾನೇ "ಹಿಂದೆ ನೋಡು" ಎಂದೆ. ಇಬ್ಬರಿಗೂ ನಗು.

ಮಾರ್ಚ್ 24, ಸೋಮವಾರ

ಹನ್ನೊಂದು ಗಂಟೆಗೆ ಫೋನು. ತಪಾಸಣೆಯಮ್ಮನೇ ಮಾಡಿದ್ದು. ನಲವತ್ತಮೂರರಲ್ಲಿ ನಲವತ್ತು ಸಾಲು ಬಿದ್ದುಹೋದವು! ಮೂರು ನಾವೇ ಕೊಡಬೇಕು: ದಿಂಬು, ಮೆತ್ತೆ, ಟೀವಿ. ಉಳಿದ ಹತ್ತೊಂಬತ್ತು ಸಾವಿರವನ್ನು ಆಸ್ಪತ್ರೆಯವರು ಇವತ್ತೇ ಹಿಂದಿರುಗಿಸುತ್ತಾರೆ. ಇನ್ನು ಮೇಲೆ ಆ ಚೀಟಿಯನ್ನು ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸಿ, ಓದಿ ಹೇಳಿಯೇ ಸಹಿ ತೆಗೆದುಕೊಳ್ಳಲು ಒಪ್ಪಿದರಂತೆ.

ನಾನೇ ಹೋಗಿ ತಂದೆ. ಬಿಲ್ಲಿನ ಕಿಟಕಿಯಾತ, "ಇಲ್ಲೊಂದು ಸಹಿ ಅಮ್ಮಾ" ಎಂದ. ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು, ಮೊದಲ ಅಕ್ಷರದಿಂದ ಕೊನೆಯ ಚುಕ್ಕಿವರೆಗೆ ಓದಿದೆ. ಹಿಂದೆ ಸಾಲು ಬೆಳೆಯಿತು. ಬೆಳೆಯಲಿ. ಒಂದು ಕಡೆ ಲೆಕ್ಕ ತಪ್ಪಿತ್ತು, ತಿದ್ದಿಸಿದೆ.

ಎರಡು ಸಾವಿರ ಇನ್ನೂ ಕಡಿಮೆ ಇತ್ತು. ನಾದಿನಿಗೆ ಹೇಳದೆ ಹೊಲಿಗೆ ಮೆಷಿನ್ನಿನ ಮೇಲಿನ ಬಟ್ಟೆ ತೆಗೆದೆ. ಎದುರುಮನೆಯವರ ಪರದೆಗಳನ್ನು ಹೊಲಿದುಕೊಡುತ್ತೇನೆ ಎಂದು ಮುಂಗಡ ತಂದೆ. ಮೆಷಿನ್ನಿನ ಸದ್ದು ಕೇಳಿ, "ಏನು ಹೊಲೀತಿದ್ದೀರಿ?" ಎಂದಳು. "ದಿಂಬಿನ ಚೀಲ" ಎಂದೆ.

ಮಾರ್ಚ್ 25, ಮಂಗಳವಾರ

ಕಾರು ಬಂತು! ಬಾಗಿಲ ಮುಂದೆ ನಿಂತಿದೆ. ಹಸಿರು ಅಂದರೆ ಎಂಥ ಹಸಿರು, ಎಳೇ ಅವರೆಕಾಯಿಯದ್ದು. ಶಿಷ್ಯ ಓಡಿಸಿಕೊಂಡು ಬಂದ. ಅವನಿಗೆ ನಲವತ್ತೈದು ವಯಸ್ಸು, ಆದರೂ ಟೀಚರ್ ಕಿಟಕಿಯಲ್ಲಿ ನೋಡುತ್ತಿದ್ದಾರೆಂದು ಮೂರು ಸಲ ಹಿಂದೆ ಮುಂದೆ ಮಾಡಿ ನೆಟ್ಟಗೆ ನಿಲ್ಲಿಸಿದ.

"ಎಡಗಡೆ ಇನ್ನೊಂದು ಗೇಣು" ಎಂದಳು ಒಳಗಿನಿಂದ.

ಏಪ್ರಿಲ್ 20, ಭಾನುವಾರ

ಬಹಳ ದಿನವಾಯಿತು ಬರೆದು. ಬರೆಯಲು ಹೊತ್ತೆಲ್ಲಿ? ಬೆಳಿಗ್ಗೆ ಅವಳಿಗೆ ಕಾಲಿನ ವ್ಯಾಯಾಮ ಮಾಡಿಸಬೇಕು, ಅವಳ ಜೊತೆ ನಾನೂ ಮಾಡುತ್ತೇನೆ, ಒಬ್ಬಳೇ ಮಾಡಿದರೆ ಮೈಗಳ್ಳತನ ಮಾಡುತ್ತಾಳೆ. ಆಮೇಲೆ ಹೊಲಿಗೆ. ಪರದೆ ನೋಡಿ ಇನ್ನೂ ಮೂರು ಮನೆಯವರು ಬಂದರು. ಸಂಜೆ ಇಬ್ಬರೂ ನಿಂತ ಕಾರಿನಲ್ಲಿ ಕೂತು ಟೀ ಕುಡಿಯುತ್ತೇವೆ. ಅವಳು ಸ್ಟೀರಿಂಗ್ ಹಿಡಿದು ಸುಮ್ಮನೆ ಕೂರುತ್ತಾಳೆ, ನಾನು ಸೀಟಿಗೆ ಹೊದಿಕೆ ಹೊಲಿಯಲು ಅಳತೆ ತೆಗೆಯುತ್ತೇನೆ.

ಇವತ್ತು ಪಕ್ಕದ ಮನೆಯಾಕೆ, "ನಿಮ್ಮ ನಾದಿನಿ ಮೂರು ವಾರಕ್ಕೆ ಅಂತ ಬಂದವರಲ್ವಾ, ಯಾವಾಗ ಹೋಗ್ತಾರೆ?" ಎಂದು ಕೇಳಿದಳು. ಜನಕ್ಕೆ ಎಂಥ ಅಧಿಕಪ್ರಸಂಗ! ಇದ್ದರೆ ಇವಳಿಗೇನು ಕಷ್ಟ?

ಜೂನ್ 14, ಶನಿವಾರ

ಡಾಕ್ಟರರು ನಿನ್ನೆ ಒಪ್ಪಿಗೆ ಕೊಟ್ಟರು. ಇವತ್ತು ಬೆಳಿಗ್ಗೆ ಆರು ಗಂಟೆಗೇ ಎದ್ದು ಸಿದ್ಧಳಾಗಿದ್ದಳು. ರಸ್ತೆಯಲ್ಲಿ ಗಾಡಿ ಇರಲಿಲ್ಲ. ಶಿಷ್ಯನನ್ನು ಕರೆಯೋಣ ಎಂದರೆ ಬೇಡ ಎಂದಳು. ನಾನು ಪಕ್ಕದಲ್ಲಿ ಕೂತೆ.

ಕೀಲಿ ತಿರುಗಿಸಿದಳು. ಕಾರು ಗುಟುರು ಹಾಕಿತು. ಗೇರು ಹಾಕಿದಳು. ಆಮೇಲೆ ಏನೂ ಆಗಲಿಲ್ಲ. ನೋಡಿದರೆ ಎರಡೂ ಕೈಯಲ್ಲಿ ಸ್ಟೀರಿಂಗನ್ನು ಅವುಚಿ ಹಿಡಿದು ಕೂತಿದ್ದಾಳೆ.

"ಆಗಲ್ಲ ಅತ್ತಿಗೆ" ಎಂದಳು. "ಕಾಲು ಬ್ರೇಕಿನ ಮೇಲೇ ಇದೆ, ತೆಗೆಯೋಕೆ ಧೈರ್ಯ ಬರ್ತಿಲ್ಲ. ಮತ್ತೆ ಏನಾದ್ರೂ ಆದ್ರೆ?"

"ತೆಗಿ. ನಾನಿದ್ದೀನಲ್ಲ."

"ನೀವಿದ್ದು ಏನು ಮಾಡ್ತೀರಿ? ನಿಮಗೆ ಡ್ರೈವಿಂಗೇ ಬರಲ್ಲ."

"ಬೈತೀನಿ" ಎಂದೆ.

ಒಂದು ಕ್ಷಣ ನನ್ನನ್ನೇ ನೋಡಿದಳು. ಆಮೇಲೆ ನಕ್ಕಳು, ಭುಜ ಕುಣಿಯುವ ಹಾಗೆ ನಕ್ಕಳು, ನಗುವಿನಲ್ಲೇ ಕಾಲು ಬ್ರೇಕಿನಿಂದ ಎದ್ದಿತೋ ಏನೋ, ಕಾರು ಹೊರಟೇಬಿಟ್ಟಿತು. ರಸ್ತೆ ಕೊನೆಯವರೆಗೆ ಹೋದೆವು, ತಿರುಗಿ ಬಂದೆವು, ಮನೆ ದಾಟಿ ಮತ್ತೆ ಹೋದೆವು. ಕಿಟಕಿಯಿಂದ ಗಾಳಿ ಬಂದು ನನ್ನ ಕೂದಲೆಲ್ಲ ಕೆದರಿತು.

ಎಷ್ಟು ಚೆನ್ನಾಗಿ ಓಡಿಸಿದಳೆಂದರೆ ಬೈಯಲು ಒಂದು ಕಾರಣವೂ ಸಿಗಲಿಲ್ಲ. ಆದರೂ ಮಾತು ಕೊಟ್ಟಿದ್ದೆನಲ್ಲ, ಎರಡು ಸಲ ಬೈದೆ.